ಹಳೆಯ ಪೇಟೆ ಬೀದಿಯನ್ನು ಮರುರೂಪಿಸುವ ಕ್ರಮ

ನಗರದ ನಡುಭಾಗದಲ್ಲಿರುವ ಹಳೆಯ ಬೀದಿಯ ಎರಡು ಬದಿಯ ಕಟ್ಟಡಗಳು ಹಿಂದೆ ಸರಿಯುವುದಿಲ್ಲ. ಆದ್ದರಿಂದ ಅಂಥ ಬೀದಿಯ ನವೀಕರಣವೆಂದರೆ ಗೋಡೆಯಿಂದ ಗೋಡೆಗೆ ಇರುವಷ್ಟೇ ಅಗಲವನ್ನು ನಡೆಯುವವರು, ಸೈಕಲ್ ತುಳಿಯುವವರು, ಬಸ್ಸಿನಲ್ಲಿ ಬರುವವರು ಮತ್ತು ವಾಹನ ಓಡಿಸುವವರ ನಡುವೆ ಹೊಸದಾಗಿ ಪಾಲು ಮಾಡುವ ಕೆಲಸ. ವಾಡಿಕೆಯಲ್ಲಿ ನಕ್ಷೆ ರಸ್ತೆಯ ಮಧ್ಯರೇಖೆಯಿಂದ ಶುರುವಾಗುತ್ತದೆ. ಮೊದಲು ವಾಹನಗಳ ಲೇನ್, ಆಮೇಲೆ ಪಾರ್ಕಿಂಗ್, ಕೊನೆಗೆ ಉಳಿದ ಚೂರಿಗೆ ಫುಟ್‌ಪಾತ್ ಎಂಬ ಹೆಸರು. ಇಲ್ಲಿ ಹೇಳುವ ಕ್ರಮ ಇದಕ್ಕೆ ತದ್ವಿರುದ್ಧ: ಗೋಡೆಯಿಂದ ಒಳಮುಖವಾಗಿ, ನೆಲದಡಿಯಿಂದ ಮೇಲ್ಮುಖವಾಗಿ.

ಮೊದಲು ಎಣಿಕೆ

ವಾಹನಗಳನ್ನಷ್ಟೇ ಎಣಿಸಿದರೆ ಬೀದಿಯ ಅರ್ಧ ಚಿತ್ರವೂ ಸಿಗುವುದಿಲ್ಲ, ಏಕೆಂದರೆ ಅರವತ್ತು ಜನರಿರುವ ಬಸ್ಸೂ ಒಬ್ಬರೇ ಕುಳಿತ ಕಾರೂ ಆ ಲೆಕ್ಕದಲ್ಲಿ ಒಂದೊಂದೇ. ಎಣಿಸಬೇಕಾದದ್ದು ಜನರನ್ನು. ಕೆಲಸದ ದಿನ ಮತ್ತು ರಜೆಯ ದಿನ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮತ್ತು ಕತ್ತಲಾದ ಮೇಲೆ ಎಷ್ಟು ಜನ ನಡೆಯುತ್ತಾರೆ, ಎಲ್ಲಿ ರಸ್ತೆ ದಾಟುತ್ತಾರೆ, ಎಲ್ಲಿ ನಿಂತು ಮಾತಾಡುತ್ತಾರೆ ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿಕೊಳ್ಳಬೇಕು. ವಾಹನಗಳ ವೇಗ, ಬಸ್ಸು ಬೀದಿಯ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗಲು ತೆಗೆದುಕೊಳ್ಳುವ ಸಮಯ, ಸರಕಿನ ಗಾಡಿಗಳು ನಿಲ್ಲುವ ಹೊತ್ತು, ಹಿಂದಿನ ಕೆಲವು ವರ್ಷಗಳ ಅಪಘಾತಗಳ ಸ್ಥಳ ಇವೂ ಬೇಕು. ಕಾಮಗಾರಿ ಮುಗಿದ ಮೇಲೆ ಅದರಿಂದ ಒಳಿತಾಯಿತೋ ಇಲ್ಲವೋ ಎಂದು ತೀರ್ಮಾನಿಸಲು ಈ ಮೊದಲಿನ ಅಂಕಿಗಳಲ್ಲದೆ ಬೇರೆ ದಾರಿಯಿಲ್ಲ.

ಜನರ ಲೆಕ್ಕ ಏಕೆ ಮುಖ್ಯವೆಂಬುದನ್ನು ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘಟನೆಯಾದ ನ್ಯಾಕ್ಟೋ ನೀಡಿರುವ ಅಂದಾಜು ತೋರಿಸುತ್ತದೆ. ಸುಮಾರು 3 ಮೀಟರ್ ಅಗಲದ ಒಂದೇ ಪಟ್ಟಿಯಲ್ಲಿ ಖಾಸಗಿ ವಾಹನಗಳು ಗಂಟೆಗೆ 600ರಿಂದ 1,600 ಜನರನ್ನು ಸಾಗಿಸಿದರೆ, ಪ್ರತ್ಯೇಕ ಬಸ್ ಪಥ 4,000ದಿಂದ 8,000, ರಕ್ಷಣೆಯುಳ್ಳ ದ್ವಿಮುಖ ಸೈಕಲ್ ಪಥ 6,500ರಿಂದ 7,500, ಫುಟ್‌ಪಾತ್ 8,000ದಿಂದ 9,000 ಜನರನ್ನು ಸಾಗಿಸಬಲ್ಲದು. ಇವು ಗರಿಷ್ಠ ಸಾಮರ್ಥ್ಯದ ಅಂಕಿಗಳು. ಗಂಟೆಗೆ ನಾಲ್ಕೇ ಬಸ್ಸು ಬರುವ ಬೀದಿಯಲ್ಲಿ ಬಸ್ ಪಥ ಬಳಿದರೆ ಅದು ಖಾಲಿಯಾಗಿಯೇ ಕಾಣುತ್ತದೆ ಮತ್ತು ಜನ ಆಕ್ಷೇಪಿಸುವುದರಲ್ಲಿ ತಪ್ಪೂ ಇರುವುದಿಲ್ಲ.

ನೆಲದಡಿಯ ಕೆಲಸ

ಹಳೆಯ ಬೀದಿಯ ನಿಜವಾದ ವಯಸ್ಸು ಡಾಂಬರಿನಲ್ಲಿ ಅಲ್ಲ, ಕೊಳವೆಗಳಲ್ಲಿ ಇರುತ್ತದೆ. ನೀರು, ಒಳಚರಂಡಿ, ವಿದ್ಯುತ್, ಅನಿಲ, ದೂರವಾಣಿ ಇಲಾಖೆಗಳ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೂ ನೆಲದೊಳಗಿನ ಸ್ಥಿತಿ ಅವುಗಳಿಗೆ ಹೊಂದುವುದು ಅಪರೂಪ. ಆದ್ದರಿಂದ ಅಗೆಯದೆಯೇ ನೆಲದೊಳಗಿರುವುದನ್ನು ತೋರಿಸುವ ಭೂಭೇದಕ ರೇಡಾರ್‌ನಿಂದ ಪರೀಕ್ಷಿಸಿ, ಸಂಶಯವಿರುವಲ್ಲಿ ಸಣ್ಣ ಗುಂಡಿ ತೋಡಿ ಕಣ್ಣಾರೆ ನೋಡಿಕೊಳ್ಳಬೇಕು. ಬದಲಿಸಬೇಕಾದ ಕೊಳವೆಗಳೆಲ್ಲವನ್ನೂ ಇದೇ ಕಾಮಗಾರಿಯಲ್ಲಿ ಬದಲಿಸಿ, ಕೇಬಲ್‌ಗಳಿಗೆ ಮುಚ್ಚಳ ತೆಗೆದು ಒಳಗಿಳಿಸಬಹುದಾದ ನಾಳಗಳನ್ನು ಆದಷ್ಟೂ ಫುಟ್‌ಪಾತಿನ ಅಡಿಯಲ್ಲಿ ಕೂರಿಸಿ, ಮುಂದೆ ಬರುವ ಕೇಬಲ್‌ಗಳಿಗಾಗಿ ಒಂದೆರಡು ನಾಳಗಳನ್ನು ಖಾಲಿ ಬಿಡುವುದು ವಿವೇಕ. ಹೊಸ ಕಲ್ಲುಹಾಸನ್ನು ಆರು ತಿಂಗಳಲ್ಲಿ ಅಗೆಯುವ ದೃಶ್ಯಕ್ಕಿಂತ ಬೇಗ ಜನರ ವಿಶ್ವಾಸ ಕೆಡಿಸುವಂಥದ್ದು ಇನ್ನೊಂದಿಲ್ಲ. ಮರಗಳನ್ನು ನೆಡುವ ಜಾಗವೂ ಈ ಹಂತದಲ್ಲೇ ನಿಶ್ಚಯವಾಗಬೇಕು, ಏಕೆಂದರೆ ಬೇರಿಗೆ ಮಣ್ಣು ಬೇಕು ಮತ್ತು ಆ ಮಣ್ಣಿನ ಜಾಗಕ್ಕೆ ಕೊಳವೆಗಳೇ ಪೈಪೋಟಿ.

ಅಗಲದ ಪಾಲು

ಉದಾಹರಣೆಗೆ ಗೋಡೆಯಿಂದ ಗೋಡೆಗೆ 20 ಮೀಟರ್ ಇರುವ ಬೀದಿಯನ್ನು ತೆಗೆದುಕೊಳ್ಳೋಣ. ಎರಡು ಬದಿಯಲ್ಲಿ 3 ಮೀಟರ್ ಫುಟ್‌ಪಾತ್ ಎಂದರೆ 6 ಮೀಟರ್. ಎರಡು ಬದಿಯಲ್ಲಿ 2 ಮೀಟರ್ ಸೈಕಲ್ ಪಥ ಎಂದರೆ 4. ಸೈಕಲ್ ಮತ್ತು ವಾಹನಗಳ ನಡುವೆ ತಲಾ ಅರ್ಧ ಮೀಟರ್ ತಡೆಪಟ್ಟಿ ಎಂದರೆ 1. ಬಸ್ಸು ಓಡುವ ಎರಡು ಲೇನ್‌ಗಳಿಗೆ ತಲಾ 3.25 ಮೀಟರ್ ಕೊಟ್ಟರೆ 6.5 ಆಗುತ್ತದೆ. ಉಳಿಯುವ 2.5 ಮೀಟರ್ ಪಟ್ಟಿಯನ್ನು ಒಂದು ಬದಿಯಲ್ಲಿ ಇರಿಸಿ, ಅದನ್ನೇ ಒಂದೆಡೆ ಮರಗಳಿಗೆ, ಇನ್ನೊಂದೆಡೆ ಬಸ್ ನಿಲ್ದಾಣಕ್ಕೆ, ಮತ್ತೊಂದೆಡೆ ಸರಕು ಇಳಿಸುವ ತಾಣಕ್ಕೆ ಹಂಚಬಹುದು. ಇಷ್ಟರಲ್ಲೇ ಬೀದಿ ತುಂಬಿತು. ಪ್ರತ್ಯೇಕ ಬಸ್ ಪಥ ಬೇಕೆಂದಾದರೆ ಕಾರುಗಳಿಗೆ ಏಕಮುಖ ಸಂಚಾರ ಮಾಡಬೇಕು ಅಥವಾ ಸೈಕಲ್ ಪಥವನ್ನು ಸಮಾನಾಂತರ ಬೀದಿಗೆ ಸರಿಸಬೇಕು. ಎಲ್ಲವನ್ನೂ ತುರುಕಿ 1.2 ಮೀಟರ್ ಫುಟ್‌ಪಾತ್, 1 ಮೀಟರ್ ಸೈಕಲ್ ಪಥ ಮಾಡುವುದು ಯಾರಿಗೂ ಉಪಯೋಗವಾಗದ ರಾಜಿ.

ಫುಟ್‌ಪಾತಿನ ಅಗಲವನ್ನು ಅಳೆಯುವಾಗ ಕಂಬ, ಪೆಟ್ಟಿಗೆ, ಮರದ ಕಟ್ಟೆ, ಅಂಗಡಿಯ ಮೆಟ್ಟಿಲುಗಳನ್ನು ಕಳೆದು ಉಳಿಯುವ ಅಡೆತಡೆಯಿಲ್ಲದ ಹಾದಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಹಾದುಹೋಗಲು 1.8 ಮೀಟರ್ ಬೇಕು. ಇಳಿಜಾರು 1:12ಕ್ಕಿಂತ, ಅಂದರೆ 12 ಮೀಟರ್ ಉದ್ದಕ್ಕೆ 1 ಮೀಟರ್ ಏರಿಕೆಗಿಂತ, ಕಡಿದಾಗಿರಬಾರದು. ದೃಷ್ಟಿದೋಷವುಳ್ಳವರಿಗಾಗಿ ಕಾಲಿಗೂ ಕೋಲಿಗೂ ಹಾದಿ ತಿಳಿಸುವ ಉಬ್ಬುಗುರುತಿನ ಹಾಸುಗಲ್ಲುಗಳನ್ನು ಜಪಾನಿನ ಸೇಇಚಿ ಮಿಯಾಕೆ 1965ರಲ್ಲಿ ರೂಪಿಸಿದರು, 1967ರಲ್ಲಿ ಒಕಾಯಾಮಾ ನಗರದಲ್ಲಿ ಅವು ಮೊದಲು ನೆಲ ಸೇರಿದವು; ಅವನ್ನು ನೇರವಾಗಿ ಕಂಬಕ್ಕೆ ಕರೆದೊಯ್ಯುವಂತೆ ಹಾಸಿದ ಬೀದಿಗಳನ್ನು ಕಂಡರೆ, ಹಾಸಿದವರು ಅದರ ಅರ್ಥವನ್ನೇ ತಿಳಿದಿರಲಿಲ್ಲವೆಂದು ಗೊತ್ತಾಗುತ್ತದೆ.

ಜಂಕ್ಷನ್

ಬೀದಿಯ ಉದ್ದಕ್ಕೂ ಮಾಡಿದ ಕೆಲಸ ಗೆಲ್ಲುವುದೂ ಸೋಲುವುದೂ ಜಂಕ್ಷನ್‌ನಲ್ಲಿ. ಮೂಲೆಯ ತಿರುವು ವಿಶಾಲವಾಗಿದ್ದಷ್ಟೂ ವಾಹನಗಳು ವೇಗ ತಗ್ಗಿಸದೆ ತಿರುಗುತ್ತವೆ, ದಾಟುವವರ ದೂರವೂ ಹೆಚ್ಚುತ್ತದೆ. ಆದ್ದರಿಂದ ಮೂಲೆಯನ್ನು ಬಸ್ಸು ತಿರುಗಲು ಬೇಕಾದಷ್ಟಕ್ಕೇ ಕಿರಿದುಗೊಳಿಸಿ, ಪಾರ್ಕಿಂಗ್ ಪಟ್ಟಿ ಇರುವಲ್ಲಿ ಫುಟ್‌ಪಾತನ್ನು ಮುಂದಕ್ಕೆ ಚಾಚಬೇಕು. ನಿಧಾನವಾಗಿ ನಡೆಯುವ ಹಿರಿಯರು ಸೆಕೆಂಡಿಗೆ ಒಂದು ಮೀಟರ್ ಸಾಗುತ್ತಾರೆಂದು ಹಿಡಿದರೆ, 14 ಮೀಟರ್ ದಾಟಲು 14 ಸೆಕೆಂಡು ಬೇಕು. ಅದೇ ದೂರವನ್ನು 6.5 ಮೀಟರಿಗೆ ಇಳಿಸಿದರೆ ಅರ್ಧಕ್ಕೂ ಕಡಿಮೆ ಸಮಯ ಸಾಕು, ಉಳಿದ ಹಸಿರು ಹೊತ್ತು ಬಸ್ಸಿಗೂ ಕಾರಿಗೂ ಸಿಗುತ್ತದೆ. ನಡೆಯುವವರಿಗೆ ಕೊಟ್ಟದ್ದೆಲ್ಲ ಚಾಲಕರಿಂದ ಕಿತ್ತುಕೊಂಡದ್ದೆಂಬ ವಾದಕ್ಕೆ ಈ ಸಣ್ಣ ಲೆಕ್ಕವೇ ಉತ್ತರ.

ಸೈಕಲ್ ಪಥವನ್ನು ಜಂಕ್ಷನ್‌ಗೆ ಇಪ್ಪತ್ತು ಮೀಟರ್ ಮೊದಲೇ ಮುಗಿಸಿಬಿಡುವುದು ಸಾಮಾನ್ಯವಾಗಿ ಕಾಣುವ ದೋಷ. ರಕ್ಷಣೆ ಹೆಚ್ಚು ಬೇಕಾದಲ್ಲೇ ಅದು ಮಾಯವಾಗುತ್ತದೆ. ಡಚ್ಚರ ಪದ್ಧತಿಯಲ್ಲಿ ಮೂಲೆಯಲ್ಲಿ ಒಂದು ಸಣ್ಣ ದ್ವೀಪವಿದ್ದು, ಸೈಕಲ್ ಪಥ ಅದರ ಹಿಂದಿನಿಂದ ಹಾಯುತ್ತದೆ. ಇದರಿಂದ ತಿರುಗುವ ಚಾಲಕ ಸೈಕಲ್ ಸವಾರನನ್ನು ಓರೆಗಣ್ಣಿನಿಂದಲ್ಲದೆ ಎದುರಿಗೇ ಕಾಣುತ್ತಾನೆ.

ವೇಗದ ಫಲಕ ಮಾತ್ರದಿಂದ ವೇಗ ಇಳಿಯುವುದಿಲ್ಲ. ಜನರೂ ವಾಹನಗಳೂ ಬೆರೆಯುವಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿ ಇರಬೇಕೆಂದು ರಸ್ತೆ ಸುರಕ್ಷತೆ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳುತ್ತದೆ. ಕಿರಿದಾದ ಲೇನ್, ಎತ್ತರಿಸಿದ ದಾಟುಹಾದಿ, ರಸ್ತೆಯಂಚಿನ ಮರಗಳು ಆ ಮಿತಿಯನ್ನು ಪೊಲೀಸರಿಲ್ಲದಾಗಲೂ ಪಾಲಿಸುವಂತೆ ಮಾಡುತ್ತವೆ.

ಬಸ್ಸು, ಪಾರ್ಕಿಂಗ್, ಸರಕು

ಬಸ್ಸನ್ನು ರಸ್ತೆಯಿಂದ ಒಳಕ್ಕೆ ತಿರುಗಿಸಿ ನಿಲ್ಲಿಸುವ ಕೊಲ್ಲಿಗಳನ್ನು ತೆಗೆದು, ನಿಲ್ದಾಣದ ಕಟ್ಟೆಯನ್ನೇ ಲೇನಿನವರೆಗೆ ಚಾಚಿದರೆ, ಬಸ್ಸು ಮತ್ತೆ ಸಾಲಿಗೆ ಸೇರಲು ಕಾಯುವ ಸಮಯ ಉಳಿಯುತ್ತದೆ. ಸೈಕಲ್ ಪಥ ಆ ಕಟ್ಟೆಯ ಹಿಂದಿನಿಂದ ಹೋಗಲಿ. ಸಾಧ್ಯವಿರುವಲ್ಲಿ ನಿಲ್ದಾಣ ಸಿಗ್ನಲ್ ದಾಟಿದ ಮೇಲೆ ಇರಲಿ.

ಪಾರ್ಕಿಂಗ್ ತೆಗೆಯುವ ಮಾತು ಬಂದಾಗ ವ್ಯಾಪಾರಿಗಳು ಆತಂಕಪಡುವುದು ಸಹಜ. ಕಾರಿನಲ್ಲಿ ಬರುವ ಗಿರಾಕಿಗಳ ಪ್ರಮಾಣವನ್ನು ಅವರು ಇರುವುದಕ್ಕಿಂತ ಹೆಚ್ಚಾಗಿ ಅಂದಾಜಿಸುವುದು ಹಲವು ನಗರಗಳ ಸಮೀಕ್ಷೆಗಳಲ್ಲಿ ಕಂಡುಬಂದಿದೆ. ವಾದಿಸುವ ಬದಲು ಗಿರಾಕಿಗಳನ್ನೇ ಕೇಳಿ ಎಣಿಸುವುದು ಲೇಸು. ಉಳಿಸಿಕೊಂಡ ತಾಣಗಳ ಶುಲ್ಕವನ್ನು ಸುಮಾರು 85 ಶೇಕಡ ಭರ್ತಿಯಾಗುವಂತೆ, ಅಂದರೆ ಪ್ರತಿ ಸಾಲಿನಲ್ಲೂ ಒಂದೆರಡು ಜಾಗ ಖಾಲಿ ಇರುವಂತೆ ನಿಗದಿಪಡಿಸಬೇಕೆಂದು ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ ಸೂಚಿಸಿದ್ದರು. ಸರಕಿನ ಗಾಡಿಗೆ ಮಾತ್ರ ಖಚಿತ ತಾಣ ಮತ್ತು ಹೊತ್ತು ಕೊಡಲೇಬೇಕು. ಕೊಡದಿದ್ದರೆ ಅದು ಸೈಕಲ್ ಪಥದಲ್ಲೇ ನಿಲ್ಲುತ್ತದೆ.

ಬಣ್ಣದಿಂದ ಕಲ್ಲಿಗೆ

ಶಾಶ್ವತ ಕಾಮಗಾರಿಗೆ ಮೊದಲು ಬಣ್ಣ, ಕುಂಡ, ತಾತ್ಕಾಲಿಕ ಕಂಬಗಳಿಂದ ಹೊಸ ವಿನ್ಯಾಸವನ್ನು ಕೆಲವು ತಿಂಗಳು ಪರೀಕ್ಷಿಸಬಹುದು. ನ್ಯೂಯಾರ್ಕ್ 2009ರಲ್ಲಿ ಟೈಮ್ಸ್ ಸ್ಕ್ವೇರ್‌ನಲ್ಲಿ ಹಾಯುವ ಬ್ರಾಡ್‌ವೇ ರಸ್ತೆಯ ಭಾಗವನ್ನು ವಾಹನಗಳಿಗೆ ಮುಚ್ಚಿ ಕುರ್ಚಿ ಹಾಕಿತು. ಕಲ್ಲಿನ ಕೆಲಸ ಬಂದದ್ದು ವರ್ಷಗಳ ನಂತರ. ಕೋಪನ್‌ಹೇಗನ್‌ನ ಸ್ಟ್ರಾಯೆಟ್ ಎಂಬ ಪೇಟೆ ಬೀದಿ ಕೂಡ 1962ರಲ್ಲಿ ಪ್ರಯೋಗವಾಗಿಯೇ ಕಾರುಮುಕ್ತವಾಯಿತು. ಆದರೆ ಮುಚ್ಚಿದ ಬೀದಿಗಳೆಲ್ಲ ಗೆದ್ದಿಲ್ಲ: ಅಮೆರಿಕದ ಕಲಮಜೂ ನಗರ 1959ರಲ್ಲಿ ಪಾದಚಾರಿಗಳಿಗೆ ಮೀಸಲಿಟ್ಟ ಬೀದಿಯ ಒಂದು ಭಾಗವನ್ನು 1990ರ ದಶಕದ ಕೊನೆಯಲ್ಲಿ ಕಾರುಗಳಿಗೆ ಮತ್ತೆ ತೆರೆಯಿತು. ಸುತ್ತಮುತ್ತ ವಾಸಿಸುವವರೂ ಒಳ್ಳೆಯ ಬಸ್ ಸೇವೆಯೂ ಇಲ್ಲದ ಕಡೆ ಕಾರನ್ನು ಪೂರ್ತಿ ಹೊರಗಿಡುವ ಬದಲು ನಿಧಾನಗೊಳಿಸಿ ಒಳಗಿಡುವುದು ಸುರಕ್ಷಿತ.

ಅಗೆತ ಶುರುವಾದ ಮೇಲೆ ಇಡೀ ಬೀದಿಯನ್ನು ಒಮ್ಮೆಲೇ ತೆರೆಯದೆ, ಒಂದು ಜಂಕ್ಷನ್‌ನಿಂದ ಮುಂದಿನದರವರೆಗೆ ಮುಗಿಸುತ್ತ ಹೋಗಬೇಕು. ಪ್ರತಿ ಅಂಗಡಿಯ ಬಾಗಿಲಿಗೂ ಗಾಲಿಕುರ್ಚಿ ಹೋಗುವಂಥ ಗಟ್ಟಿ ಹಾದಿ ಪ್ರತಿದಿನವೂ ಇರಬೇಕು, ಹಲಗೆ ಹಾಸಿದ ಗುಂಡಿ ಹಾದಿಯಲ್ಲ. ಕೆಲಸ ಮುಗಿದ ಒಂದು ವರ್ಷದ ನಂತರ ಮೊದಲು ಎಣಿಸಿದ ಸ್ಥಳಗಳಲ್ಲೇ, ಅದೇ ಋತುವಿನಲ್ಲಿ ಮತ್ತೆ ಎಣಿಸಿ ತಿದ್ದುಪಡಿ ಮಾಡಬೇಕು. ಅದಕ್ಕೆ ಬೇಕಾಗುವ ಹಣವನ್ನು ಮೂಲ ಅಂದಾಜಿನಲ್ಲೇ ತೆಗೆದಿರಿಸಬೇಕು. ಆಮೇಲೆ ಯಾವುದೇ ಇಲಾಖೆ ಅಗೆಯಲು ಅನುಮತಿ ಕೇಳಿದರೆ, ತೆಗೆದ ಕಲ್ಲನ್ನೇ ಅದೇ ಮಟ್ಟದಲ್ಲಿ ಮರಳಿ ಕೂರಿಸುವ ಷರತ್ತನ್ನೂ ಠೇವಣಿಯನ್ನೂ ಅನುಮತಿ ಪತ್ರದಲ್ಲೇ ಬರೆಸಬೇಕು.