ಹೊಳೆಯುವ ಡಯಲ್ ಹಾಕುವ ಮುಂಚೆ ಮುಳ್ಳು ನೋಡಿಕೊಳ್ಳಿ
ಕಾರಿನ ಮೀಟರ್‌ಗೆ ಲೈಟ್ ಡಯಲ್ ಹಾಕುವವರು ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ವೈರಿಂಗ್ ಅಂಥ ಕಷ್ಟವೇನಲ್ಲ, ಕಾಟ ಕೊಡುವುದು ಮುಳ್ಳು, ಡಯಲ್ ಹಾಕಲು ಅದನ್ನು ಕೀಳಬೇಕು. ಹಳೆ ಮಾದರಿಯ ಮೀಟರ್‌ಗಳಲ್ಲಿ ಅದು ಸೊನ್ನೆ ಪಕ್ಕದ ಪುಟ್ಟ ಕಡ್ಡಿಗೆ ಒರಗಿರುತ್ತದೆ. ಮೆಲ್ಲಗೆ ಎತ್ತಿ ಕಡ್ಡಿ ದಾಟಿಸಿದರೆ ಇನ್ನೂ ಕೆಳಗಿಳಿದು ನಿಲ್ಲುತ್ತದೆ, ಆ ಜಾಗಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ ಆಮೇಲೆ ಮುಳ್ಳು ಕೀಳಿ, ತಿರುಗಿ ಹಾಕುವಾಗ ಅಲ್ಲೇ ಕೂರಿಸಿ ಆಮೇಲೆ ಎತ್ತಿ ಮತ್ತೆ ಕಡ್ಡಿಗೆ ಒರಗಿಸಿ. ಇಲ್ಲದಿದ್ದರೆ ಸ್ಪೀಡ್ ತಪ್ಪು ತೋರಿಸುತ್ತದೆ. ಸೀಳು ಇರುವ ಡಯಲ್ ಸಿಕ್ಕರೆ ಅದನ್ನು ಮುಳ್ಳಿನ ಅಡಿಗೆ ತೂರಿಸಬಹುದು, ಮುಳ್ಳು ಕೀಳುವುದೇ ಬೇಡ, ನನ್ನ ಕೇಳಿದರೆ ಅದೇ ವಾಸಿ. ಇಎಲ್ ಡಯಲ್‌ಗೆ (ಬಲ್ಬ್ ಇಲ್ಲದೆ ಹಾಳೆಯೇ ಹೊಳೆಯುವಂಥದ್ದು) ಜೊತೆಗೆ ಬಂದ ಇನ್ವರ್ಟರನ್ನೇ (ಬ್ಯಾಟರಿಯ ಡಿಸಿ ಕರೆಂಟನ್ನು ಎಸಿ ಮಾಡುವ ಪುಟ್ಟ ಡಬ್ಬಿ) ಹಾಕಿ, ಸುಮ್ನೆ 12 ವೋಲ್ಟ್ ನೇರ ಕೊಡಬೇಡಿ. ಪಾರ್ಕಿಂಗ್ ಲೈಟ್ ಲೈನಿಂದ ಫ್ಯೂಸ್ ಹಾಕಿ ಎಳೆಯಿರಿ. ಗಾಜು ಮುಚ್ಚುವ ಮೊದಲೇ ಒಮ್ಮೆ ಉರಿಸಿ ನೋಡಿ, ಮುಳ್ಳು ಡಯಲ್‌ಗೆ ಉಜ್ಜುತ್ತಿದೆಯಾ ಅಂತಲೂ.