‘ಬೋರರ್ ಬಂದಿದೆ, ಏನು ಹೊಡೆಯಲಿ?’

ರಾತ್ರಿ ಒಂಬತ್ತೂವರೆಗೆ ಇಷ್ಟೇ ಸಂದೇಶ. ಊರಿಲ್ಲ, ಕಾಫಿ ಅರೇಬಿಕಾವೋ ರೋಬಸ್ಟಾವೋ ತಿಳಿಸಿಲ್ಲ, ಕೊರೆಯುವ ಹುಳುವಿನ ತೂತು ಕಂಡದ್ದು ಎಲ್ಲಿ ಎಂದೂ ಇಲ್ಲ. ಮೂಡಿಗೆರೆ ಸುತ್ತಿನ ನಮ್ಮ ಕಾಫಿ ಬೆಳೆಗಾರರ ವಾಟ್ಸ್‌ಆ್ಯಪ್ ಬಳಗದಲ್ಲಿ ಸುಮಾರು 140 ಜನರಿದ್ದೇವೆ. ನಿಜಕ್ಕೂ ಉತ್ತರ ಹೇಳಬಲ್ಲವರು ಏಳೆಂಟು ಮಂದಿ. ಇಂಥ ಪ್ರಶ್ನೆಗಳನ್ನು ಏನು ಮಾಡಬೇಕೆಂದು ನಾವು ಮೂರು ವರ್ಷ ಜಗಳವಾಡಿದ್ದೇವೆ. ಈಗ ನಡೆಯುತ್ತಿರುವ ಕ್ರಮ ನಾನು ತಂದದ್ದು. ತಂದಾಗ ನಕ್ಕವರೇ ಹೆಚ್ಚು, ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ನಾನೇ ಮಾಡಿದ ಎಡವಟ್ಟು. ಐದು ವರ್ಷದ ಹಿಂದೆ, ನವೆಂಬರ್ ತಿಂಗಳು. ಒಬ್ಬರು ಬೋರರ್ ಎಂದರು. ಅರೇಬಿಕಾ ಕಾಂಡ ಕೊರೆಯುವ ದುಂಬಿ, ಬಿಳಿ ಕಾಂಡಕೊರಕ, ಹಾರುವ ಕಾಲವಲ್ಲವೇ, ಹಿಂದೆಮುಂದೆ ಕೇಳದೆ ಕಾಂಡಕ್ಕೆ ಸುಣ್ಣ ಬಳಿಸಿ ಎಂದುಬಿಟ್ಟೆ: 200 ಲೀಟರ್ ನೀರಿಗೆ 20 ಕಿಲೋ. ಪುಣ್ಯಾತ್ಮರು ಹಾಗೆಯೇ ಮಾಡಿದರು. ಅವರದು ರೋಬಸ್ಟಾ ತೋಟ. ಬಂದಿದ್ದದ್ದು ಕಾಯಿ ಬೋರರ್, ಹಣ್ಣಿನ ಹೊಕ್ಕುಳಲ್ಲಿ ಗುಂಡುಸೂಜಿಯಷ್ಟು ತೂತು. ಬಿಳಿ ಕಾಂಡಕೊರಕ ಮುಟ್ಟದ ರೋಬಸ್ಟಾ ಕಾಂಡಕ್ಕೆ ಎರಡು ಎಕರೆ ಸುಣ್ಣ ಬಳಿದದ್ದನ್ನು ರಸ್ತೆಯಲ್ಲಿ ಹೋಗುವವರೆಲ್ಲ ಜೀಪು ನಿಲ್ಲಿಸಿ ನೋಡಿದರು. ಆಳಿನ ಸಂಬಳ, ಸುಣ್ಣ, ಸಾಗಾಟ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಹೋಯಿತು. ನಾಚಿಕೆಯಾಗಿ ನಾನು ಐದು ಸಾವಿರ ಕೊಟ್ಟೆ. ಅವರು ಬೇಡ ಎನ್ನಲಿಲ್ಲ.

ತಪ್ಪು ಅವರದಲ್ಲ. ನಾವು ಆಡುವ ಮಾತೇ ಹಾಗಿದೆ. ಬೋರರ್ ಎಂದರೆ ಅರೇಬಿಕಾ ಕಾಂಡದ್ದೂ ಹೌದು, ಕಾಯಿಯದ್ದೂ ಹೌದು, ರೋಬಸ್ಟಾ ರೆಂಬೆ ಕೊರೆಯುವ ಶಾಟ್ ಹೋಲ್ ಬೋರರ್ ಕೂಡ ಹೌದು. ಕೊಳೆ ಎಂದರೆ ಕಾಫಿ ಎಲೆಯ ಕೊಳೆಯೋ ಅಡಿಕೆಯ ಕೊಳೆಯೋ? ಎರಡಕ್ಕೂ ಕಾರಣ ಬೇರೆ ಬೇರೆ. ಕಾಫಿಯ ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ವಿಜ್ಞಾನಿಗಳು ನಮ್ಮ ‘ಕೊಳೆರೋಗ’ ಎಂಬ ಮಾತನ್ನೇ ಹೆಸರಾಗಿ ಇಟ್ಟಿದ್ದಾರೆ. ಹೆಮ್ಮೆಯೇನೋ ಸರಿ, ಗೊಂದಲ ಮಾತ್ರ ನಮಗೇ ಉಳಿಯಿತು. ಇನ್ನು ಔಷಧಿ ಕಲಸುವಾಗ ‘ಬ್ಯಾರಲ್‌ಗೆ ಎಷ್ಟು’ ಎಂಬ ಪ್ರಶ್ನೆ. ನನ್ನ ಬ್ಯಾರಲ್ 200 ಲೀಟರಿನದು. ಒಬ್ಬರ ಮನೆಯಲ್ಲಿದ್ದದ್ದು 100 ಲೀಟರಿನ ನೀಲಿ ಡ್ರಮ್. ನನ್ನ ಲೆಕ್ಕದ ಔಷಧಿಯನ್ನು ಅದಕ್ಕೇ ಸುರಿದು ಎಳೆ ಚಿಗುರೆಲ್ಲ ಸುಟ್ಟ ಮೇಲೆ ಅದು ತಿಳಿಯಿತು.

ಇದಾದ ಮೇಲೆ ಬಳಗದಲ್ಲಿ ಮದ್ದು ಹುಡುಕತೊಡಗಿದೆವು. ನಮ್ಮ ಹಿರಿಯ ಬೆಳೆಗಾರರೊಬ್ಬರು, ದೊಡ್ಡ ತೋಟದವರು, ‘ಸರಿಯಾಗಿ ಕೇಳಲು ಬಾರದವನಿಗೆ ಉತ್ತರವೇ ಬೇಡ’ ಎಂದರು. ಒಂದು ಮಳೆಗಾಲ ಹಾಗೂ ನಡೆಸಿದೆವು. ಕೇಳುವವರು ಅಂಗಡಿಗೆ ಹೋಗಿ ಕೇಳಿದರು, ಅಂಗಡಿಯವರು ಕೈಗೆ ಸಿಕ್ಕಿದ ಬಾಟಲಿ ಕೊಟ್ಟರು. ಆಮೇಲೆ ನಾನು ಹತ್ತು ಪ್ರಶ್ನೆಗಳ ಪಟ್ಟಿ ಮಾಡಿದೆ: ತಳಿ, ವಯಸ್ಸು, ನೆರಳು, ಕೊನೆಯ ಮಳೆ ಎಷ್ಟು ಇಂಚು ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು), ಹೀಗೆ. ಎರಡು ರಾತ್ರಿ ಕುಳಿತು ಬರೆದದ್ದು. ತುಂಬಿ ಕಳುಹಿಸಿದವರು ಮೂರೋ ನಾಲ್ಕೋ ಜನ, ಅವರಲ್ಲಿ ಇಬ್ಬರು ನಿವೃತ್ತ ಮೇಷ್ಟರು. ಫೋಟೋ ಇಲ್ಲದೆ ಪ್ರಶ್ನೆ ಇಲ್ಲ ಎಂಬ ನಿಯಮವೂ ಬಂತು. ಫೋಟೋಗಳೂ ಬಂದವು: ಇಡೀ ಗುಡ್ಡದ್ದು, ಹೆಬ್ಬೆರಳಿನದು, ಮಂಜಿನದು. ಎಲ್ಲ ಸಾಧ್ಯತೆಗಳನ್ನೂ ಬರೆದು ಉತ್ತರ ಕೊಟ್ಟದ್ದು ಎಲ್ಲಕ್ಕಿಂತ ದುಬಾರಿಯಾಯಿತು. ಐದು ಕಾರಣ, ಐದು ಔಷಧಿ ಬರೆದೆವು. ಆಲ್ದೂರು ಕಡೆಯವರೊಬ್ಬರು ಐದನ್ನೂ ಕೊಂಡು ಒಂದೇ ವಾರದಲ್ಲಿ ಹೊಡೆದರು.

ನನಗೆ ದಾರಿ ಹೊಳೆದದ್ದು ಒಂದು ಸಣ್ಣ ಸಂಗತಿಯಿಂದ. ಕಳೆದ ವರ್ಷದ ಪ್ರಶ್ನೆಗಳನ್ನೆಲ್ಲ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತ ಹೋದಾಗ, ಅಸ್ಪಷ್ಟವಾಗಿ ಕೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಿಡವನ್ನೇ ನೋಡಿರಲಿಲ್ಲ. ಮಗ ಬೆಂಗಳೂರಿನಲ್ಲಿ, ಅಪ್ಪ ತೋಟದಲ್ಲಿ. ಅಥವಾ ತೋಟದ ಲೆಕ್ಕ ನೋಡುವ ರೈಟರ್ ಹೇಳಿದ್ದನ್ನು ಮಾಲೀಕರು ಹೇಳುತ್ತಿದ್ದರು. ಕಾಣದ್ದನ್ನು ಅವರು ಹೇಗೆ ಬಿಡಿಸಿ ಹೇಳಬೇಕು?

ಅಲ್ಲಿಂದ ನನ್ನ ಮೊದಲ ಮರುಪ್ರಶ್ನೆ ಒಂದೇ: ‘ಈಗ ಗಿಡದ ಮುಂದೆ ಇದ್ದೀರಾ?’ ಎರಡನೆಯದು ಪ್ರಶ್ನೆಯೇ ಅಲ್ಲ, ಒಂದು ಕೆಲಸ. ಬಗ್ಗಿ ನೋಡುವ, ಕೆರೆಯುವ, ಮುರಿಯುವ ಕೆಲಸ, ಒಂದು ಸಲಕ್ಕೆ ಒಂದೇ. ಮೊದಲು ಮರುಪ್ರಶ್ನೆ ಕೇಳಿದವರು ಕೈಬಿಡುವ ತನಕ ಉಳಿದವರು ಔಷಧಿಯ ಹೆಸರೆತ್ತುವಂತಿಲ್ಲ. ಈ ಕೊನೆಯದಕ್ಕೇ ಹೆಚ್ಚು ವಿರೋಧ ಬಂತು. ಗೊತ್ತಿದ್ದೂ ಸುಮ್ಮನಿರುವುದು ಮಲೆನಾಡಿನವರಿಗೂ ಕಷ್ಟ ಎಂದು ಅಂದು ಗೊತ್ತಾಯಿತು.

ಹೋದ ಜುಲೈನಲ್ಲಿ ಬಾಳೂರು ಕಡೆಯ ಹುಡುಗನೊಬ್ಬ, ‘ಮೆಣಸು ಹೋಗುತ್ತಿದೆ ಅಣ್ಣಾ, ಅರ್ಜೆಂಟ್’ ಎಂದು ಕಳುಹಿಸಿದ.

‘ಬಳ್ಳಿಯ ಮುಂದೆ ಇದ್ದೀಯಾ?’

‘ಇಲ್ಲ ಅಣ್ಣಾ, ಬೆಂಗಳೂರಿನಲ್ಲಿದ್ದೇನೆ. ಅಪ್ಪ ಹೇಳಿದರು.’

ಅಪ್ಪನ ನಂಬರ್ ತೆಗೆದುಕೊಂಡೆ. ಬಳ್ಳಿಯ ಬುಡದ ಮಣ್ಣನ್ನು ನಾಲ್ಕು ಬೆರಳು ಸರಿಸಿ, ತೊಗಟೆಯನ್ನು ಉಗುರಿನಲ್ಲಿ ಕೆರೆದು ನೋಡಿ ಎಂದೆ. ಕೊಡೆ ಹಿಡಿದು ಹೋದರು. ಇಪ್ಪತ್ತು ನಿಮಿಷದ ಮೇಲೆ ಫೋನ್: ‘ಕಪ್ಪಗಾಗಿದೆ ಮಾರಾಯರೇ, ಕೈಗೆ ಅಂಟುತ್ತದೆ, ನಾತ.’ ಎಲೆ ಹಳದಿಯಾಗಿ ಉದುರುತ್ತಿದೆಯೋ ಹಸಿರಾಗಿಯೋ ಎಂದೆ. ಹಸಿರಾಗಿಯೇ. ಅಷ್ಟು ಸಾಕು, ಅದು ಶೀಘ್ರ ಸೊರಗು ರೋಗ. ಹೋದ ವರ್ಷದಿಂದ ಹಳದಿಯಾಗುತ್ತ ಬಂದಿದ್ದರೆ ಬೇರಿನ ಜಂತುಹುಳುವಿನ ಕಡೆಗೆ ನೋಡಬೇಕಿತ್ತು. ಸತ್ತ ಬಳ್ಳಿ ಕಿತ್ತು ಸುಡಿಸಿ, ಸುತ್ತಲಿನವುಗಳ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧಿ ಹಾಕಿಸಿ, ಮಳೆ ಬಿಟ್ಟ ದಿನ ಶೇಕಡ 1ರ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಹೇಳಿದೆ. ದ್ರಾವಣಕ್ಕೆ ಹಳೆಯ ಚಾಕು ಅದ್ದಿ ನೋಡಿ ಎಂದದ್ದು ಒಳ್ಳೆಯದಾಯಿತು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತ್ತು, ಎಂದರೆ ಸುಣ್ಣ ಸಾಲದು. ಇನ್ನೂ ಎರಡು ಹಿಡಿ ಸುಣ್ಣ ಬಿದ್ದ ಮೇಲೆ ಕೂರಲಿಲ್ಲ. ನಾನೂರು ಬಳ್ಳಿಗಳಲ್ಲಿ ಹೋದದ್ದು ಒಂಬತ್ತು. ಮೆಣಸು ಕಿಲೋಗೆ ಆರುನೂರು ದಾಟಿರುವಾಗ ಉಳಿದದ್ದೆಷ್ಟು ಎಂದು ನೀವೇ ಲೆಕ್ಕ ಹಾಕಿ.

ಈ ಮಳೆಗಾಲದಲ್ಲಿ ಇಂಥ ಅರೆಬರೆ ಪ್ರಶ್ನೆಗಳು ಅರವತ್ತೋ ಎಪ್ಪತ್ತೋ ಬಂದಿರಬೇಕು. ಐವತ್ತಕ್ಕೆ ಸರಿಯಾದ ಉತ್ತರ ಸಿಕ್ಕಿತು. ಮೊದಲು ಮೂರರಲ್ಲಿ ಒಂದು ಸಿಕ್ಕಿದರೆ ಹೆಚ್ಚು. ಹತ್ತು ಹನ್ನೆರಡು ಜನ ಗಿಡದ ಹತ್ತಿರ ಹೋಗಿ ನೋಡಿ, ತಾವೇ ಕಂಡುಕೊಂಡು, ಮರಳಿ ಬರಲೇ ಇಲ್ಲ. ಅದನ್ನೂ ಗೆದ್ದ ಲೆಕ್ಕಕ್ಕೇ ಹಾಕಿದ್ದೇನೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಗಿಡ ಹಿಡಿದುಕೊಂಡು ಹೋಗಿ ಎಂದು ಸೀದಾ ಹೇಳಿದ್ದೂ ಐದಾರು ಸಲ ಇದೆ.

ಎರಡನೇ ಸಲವೂ ‘ಏನೋ ಆಗಿದೆ’ ಎಂದೇ ಬರೆಯುವವರು ಇರುತ್ತಾರೆ. ಅವರ ಬಾಯಿ ಬಿಡಿಸಲು ನನ್ನ ಬಳಿ ಒಂದು ಮಾತಿದೆ, ನೂರಕ್ಕೆ ತೊಂಬತ್ತು ಸಲ ಕೆಲಸ ಮಾಡುತ್ತದೆ. ಇಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಾದರೆ ಅದರ ಕತೆ ಮುಗಿಯಿತು.

ಧ್ವನಿ ಸಂದೇಶದಲ್ಲಿ ಕೇಳಿಸಿದರೆ ಹೇಗೆ ಎಂದೂ ನೋಡಿದೆ. ನಾಲ್ಕು ನಿಮಿಷದಲ್ಲಿ ಮೂರೂವರೆ ಕೂಲಿಯಾಳಿನ ಕಷ್ಟ, ಕೊನೆಯಲ್ಲಿ ಗಿಡ. ಬಿಟ್ಟುಬಿಟ್ಟೆ. ಎಲೆಯ ಪಕ್ಕ ಹತ್ತು ರೂಪಾಯಿ ನಾಣ್ಯವಿಟ್ಟು ಫೋಟೋ ತೆಗೆಸುವುದು ಮಾತ್ರ ಚೆನ್ನಾಗಿ ನಡೆಯುತ್ತಿದೆ, ಅಳತೆಯೂ ತಿಳಿಯುತ್ತದೆ, ಫೋಟೋ ಹತ್ತಿರದಿಂದಲೂ ಬರುತ್ತದೆ.

ಈಗ ತಲೆಯಲ್ಲಿ ಇರುವುದು ಅಸ್ಸಾಮಿನಿಂದ ಬಂದ ಆಳುಗಳ ವಿಷಯ. ಗಿಡದ ಮುಂದೆ ನಿಜವಾಗಿ ನಿಂತಿರುವವರು ಅವರೇ, ಮೊಬೈಲ್ ಕೂಡ ಇದೆ, ಆದರೆ ಕನ್ನಡ ಬರುವುದಿಲ್ಲ. ಕೆರೆಯುವುದು, ಮುರಿಯುವುದು, ಬುಡ ಬಿಡಿಸುವುದು, ಇವುಗಳ ಐದಾರು ಚಿತ್ರ ಬರೆಸಿ ಆಳುಗಳು ಇರುವ ಲೈನ್ ಮನೆಯ ಗೋಡೆಗೆ ಅಂಟಿಸಿದ್ದೇನೆ. ನನ್ನ ಹೆಂಡತಿಗೆ ಆ ಕಾಂಡದ ಚಿತ್ರ ನುಗ್ಗೆಕಾಯಿಯಂತೆ ಕಾಣುತ್ತದೆಯಂತೆ. ಬರುವ ಅಕ್ಟೋಬರ್‌ನಲ್ಲಿ ಕಾಂಡಕೊರಕದ ಗಿಡ ಹುಡುಕಿಸುವಾಗ ನೋಡಬೇಕು.