ಜೆಫ್ ಬಕ್ಲಿಯ 'ಗ್ರೇಸ್' ಬಗ್ಗೆ ಕನ್ನಡದಲ್ಲಿ ಬರೆದದ್ದು ಹೇಗೆ: ನನ್ನ ಅನುಭವ

ಅಮೆರಿಕದ ರಾಕ್ ಗಾಯಕ ಜೆಫ್ ಬಕ್ಲಿಯ ಆಲ್ಬಂ 'ಗ್ರೇಸ್' ಬಗ್ಗೆ ಕನ್ನಡದಲ್ಲಿ ಒಂದು ಉದ್ದ ಲೇಖನ ಬರೀಬೇಕು ಅಂತ ತುಂಬ ಸಮಯದಿಂದ ಮನಸ್ಸಲ್ಲಿತ್ತು. ಆಲ್ಬಂ ಒಳ್ಳೇದುಂಟು ಅಂತ ಹೇಳ್ಲಿಕ್ಕಲ್ಲ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅದು ಬಂದಾಗ ವಿಮರ್ಶಕರು ಎಂಥ ಹೇಳಿದ್ರು, ಕೇಳುವವರು ಯಾವಾಗ ಬಂದ್ರು, ನಡುವೆ ಇಷ್ಟು ವರ್ಷ ಯಾಕೆ ಹಿಡೀತು, ಅದನ್ನು ನೋಡ್ಬೇಕಿತ್ತು. ಕಾಸರಗೋಡಲ್ಲಿ ಕೂತು ಇದನ್ನೆಲ್ಲ ಹೇಗೆ ಮಾಡಿದ್ದು ಅಂತ ಒಂದಿಬ್ಬರು ಕೇಳಿದ್ರು, ಅದಕ್ಕೆ ಇದು.

ಮೊದಲು ಮಾಡಿದ ಕೆಲಸ, ಸಿಕ್ಕಿದ ಮಾತನ್ನೆಲ್ಲ ತಾರೀಕು ನೋಡಿ ಎರಡು ರಾಶಿ ಮಾಡಿದ್ದು. ಆಲ್ಬಂ ಬಂದದ್ದು 1994ರ ಆಗಸ್ಟಲ್ಲಿ, ಬಕ್ಲಿ ಮೆಂಫಿಸಲ್ಲಿ ನೀರಿಗೆ ಮುಳುಗಿ ತೀರಿಹೋದದ್ದು 1997ರ ಮೇ 29ಕ್ಕೆ, ವಯಸ್ಸು ಬರೀ 30. ಬದುಕಿದ್ದಾಗ ಪೂರ್ತಿ ಮಾಡಿ ಹೊರಗೆ ತಂದ ಸ್ಟುಡಿಯೋ ಆಲ್ಬಂ ಇದೊಂದೇ. ಹಾಗಾಗಿ 97ರ ಮೊದಲು ಬರೆದದ್ದು ಒಂದು ಕಡೆ, ನಂತರದ್ದು ಇನ್ನೊಂದು ಕಡೆ. ಈಗ ಹುಡುಕಿದ್ರೆ ಸಿಗುವ ಹೊಗಳಿಕೆಯಲ್ಲಿ ಹೆಚ್ಚಿನದ್ದು ಎರಡನೇ ರಾಶಿಗೇ ಹೋಗ್ತದೆ, ಅದನ್ನೇ ಓದಿ ಕೂತ್ರೆ ಈ ಆಲ್ಬಮ್ಮನ್ನು ಎಲ್ಲರೂ ಮೊದಲ ದಿನದಿಂದ್ಲೇ ತಲೆ ಮೇಲೆ ಹೊತ್ಕೊಂಡಿದ್ರು ಅಂತ ಅನಿಸ್ತದೆ.

ಹಾಗೆ ಆಗಿರ್ಲಿಲ್ಲ. ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್ ಕೊಟ್ಟದ್ದು ಐದರಲ್ಲಿ ಮೂರು ಸ್ಟಾರ್, ಅಲ್ಲಿನ ಆಲ್ಬಂ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೇಲೆ ಹೋದದ್ದು 149ರವರೆಗೆ ಮಾತ್ರ. ಆ ವಿಮರ್ಶಕರಿಗೆ ಕಿವಿ ಇರ್ಲಿಲ್ಲ ಅಂತ ಹೇಳುವುದು ಸುಲಭ, ನಾನು ಒಪ್ಪುವುದಿಲ್ಲ. ಆ ವರ್ಷ ಏಪ್ರಿಲಲ್ಲಿ ನಿರ್ವಾಣ ಬ್ಯಾಂಡಿನ ಗಾಯಕ ಕರ್ಟ್ ಕೋಬೇನ್ ತೀರಿಹೋಗಿದ್ದ, ರಾಕ್ ಅಂದ್ರೆ ಗ್ರಂಜ್, ಅವರ ಹಾಗಿನ ಒರಟು ಗಿಟಾರಿನ ರಾಕ್, ಅಂತ ಇದ್ದ ಕಾಲ, ಈ ಆಲ್ಬಂ ಪ್ರೊಡ್ಯೂಸ್ ಮಾಡಿದ ಆ್ಯಂಡಿ ವಾಲೇಸ್ ಕೂಡ ಅದೇ ನಿರ್ವಾಣದ ಆಲ್ಬಂ 'ನೆವರ್‌ಮೈಂಡ್' ಮಿಕ್ಸ್ ಮಾಡಿದವ. ಇಲ್ಲಿ ನೋಡಿದ್ರೆ ಹತ್ತು ಹಾಡಲ್ಲಿ ಮೂರು ಬೇರೆಯವರದ್ದು, ಅದರಲ್ಲಿ ಒಂದು ಕೆನಡಾದ ಗಾಯಕ-ಕವಿ ಲೆನಾರ್ಡ್ ಕೋಹೆನ್‌ನ 'ಹಲ್ಲೆಲೂಯ', ಇನ್ನೊಂದು ಚರ್ಚ್ ಹಾಡಿನ ಜಾತಿಯದ್ದು, ಅದು ಮುಗಿದ ಕೂಡ್ಲೇ ಕಿವಿ ಹರಿಯುವ ಗಿಟಾರ್. ಹುಡುಗ ಯಾವ ದಾರಿ ಹಿಡೀತಾನೆ ಅಂತ ಸಂಶಯ ಬರುವುದು ಸಹಜ. ಫ್ರಾನ್ಸಲ್ಲಿ ಮಾತ್ರ ಬೇಗ ಹಿಡಿಸ್ತು, 1995ರಲ್ಲೇ ಅಲ್ಲಿನ ಶಾರ್ಲ್ ಕ್ರೋ ಅಕಾಡೆಮಿಯ ಸಂಗೀತ ಪ್ರಶಸ್ತಿ ಕೊಟ್ರು.

ಆಮೇಲೆ ನನಗೆ ಓದಿದ್ದು ಸಾಕಾಗ್ಲಿಲ್ಲ. ಬದಿಯಡ್ಕದ ಹತ್ತಿರ ಒಬ್ಬ ಸ್ನೇಹಿತರ ಮನೆ ಮಾಳಿಗೆಯಲ್ಲಿ ಒಳ್ಳೆ ಸ್ಪೀಕರ್ ಉಂಟು, ಅಲ್ಲಿ ಪರಿಚಯದವರನ್ನು ಸೇರಿಸಿ ಇಡೀ ಆಲ್ಬಂ ಹಾಕಿದೆ. ಹಾಡುವವ ಯಾರು, ಯಾವ ವರ್ಷದ್ದು, ಬದುಕಿದ್ದಾನಾ ಇಲ್ವಾ, ಒಂದೂ ಹೇಳಿಲ್ಲ, ಬೇಕಂತ್ಲೇ. ಕೆಲವರಿಗೆ ನಡುವಲ್ಲೇ ಸಾಕಾಯ್ತು, ಸ್ವರ ತುಂಬ ತೋರಿಸ್ತಾನೆ ಅಂತ ಹೇಳಿದ್ರು. ಯಕ್ಷಗಾನದ ಹುಚ್ಚಿರುವ ಕುಂಬಳೆಯ ಹಿರಿಯರೊಬ್ಬರು ಮಾತ್ರ ಕಣ್ಣು ಮುಚ್ಚಿ ಕೇಳ್ತಿದ್ದವರು, 'ಇವ ಏರುಪದ್ಯದಲ್ಲಿ ಭಾಗವತರು ಸ್ವರ ಬಿಟ್ಟ ಹಾಗೆ ಬಿಡ್ತಾನೆ, ಬೀಳ್ತಾನೆ ಅನ್ನುವಾಗ ನಿಲ್ತಾನೆ' ಅಂದ್ರು. ಇನ್ನೊಬ್ಬ ಹುಡುಗ, ಮನೆಯಲ್ಲಿ ಖವ್ವಾಲಿ ಕೇಳಿ ಬೆಳೆದವ, ಇವನು ಎಲ್ಲೋ ನುಸ್ರತ್ ಕೇಳಿದ್ದಾನೆ ಅಂತ ಹೇಳಿಬಿಟ್ಟ. ನನಗೆ ರೋಮಾಂಚನ ಆಯ್ತು. ಯಾಕಂದ್ರೆ ಬಕ್ಲಿಗೆ ಪಾಕಿಸ್ತಾನದ ಖವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಅಂದ್ರೆ ಪ್ರಾಣ, ನ್ಯೂಯಾರ್ಕಿನ ಸಿನೇ ಅನ್ನುವ ಸಣ್ಣ ಕೆಫೆಯಲ್ಲಿ ಉರ್ದುವಿನಲ್ಲೇ ಅವರ ಖವ್ವಾಲಿ ಹಾಡಿದ್ದಾನೆ, ಆ ರೆಕಾರ್ಡಿಂಗ್ ಉಂಟು. ಇದು ಆ ಹುಡುಗನಿಗೆ ಗೊತ್ತೇ ಇರ್ಲಿಲ್ಲ, ಬರೀ ಸ್ವರದಿಂದ ಹಿಡಿದದ್ದು.

ಚಾ ಕುಡಿದಾದ್ಮೇಲೆ ಬಕ್ಲಿ ತೀರಿಹೋದ ಕಥೆ ಹೇಳಿ 'ಹಲ್ಲೆಲೂಯ' ಇನ್ನೊಮ್ಮೆ ಹಾಕಿದೆ. ಮೊದಲು ಸಾಕು ಅಂದವರೇ ಈಗ, ಅವನಿಗೆ ಮೊದಲೇ ಗೊತ್ತಿತ್ತೋ ಏನೋ, ಸ್ವರದಲ್ಲೇ ಕೇಳ್ತದೆ ಅಂದ್ರು. ರೆಕಾರ್ಡಿಂಗ್ ಅದೇ, ಒಂದಕ್ಷರ ಬದಲಾಗಿಲ್ಲ. ಎರಡೂ ಸಲದ ಮಾತನ್ನು ಪುಸ್ತಕದಲ್ಲಿ ಅಕ್ಕಪಕ್ಕ ಬರ್ಕೊಂಡೆ, ಲೇಖನದ ಬೆನ್ನೆಲುಬು ಅದೇ ಆಯ್ತು. ಸಾವಿನ ಸುದ್ದಿ ಕೇಳಿದ್ಮೇಲೆ ಬಂದ ಪ್ರೀತಿ ಸುಳ್ಳು ಅಂತ ನಾನು ಹೇಳುವುದಿಲ್ಲ, ಆದ್ರೆ ಸುದ್ದಿ ಗೊತ್ತಾಗುವ ಮೊದಲು ಆ ಹಿರಿಯರು, ಆ ಹುಡುಗ ಹೇಳಿದ ಮಾತಿಗೆ ಬೆಲೆ ಜಾಸ್ತಿ. ಅದು ಆಲ್ಬಮ್ಮಿನ ಒಳಗೆ ಇದ್ದದ್ದು.

ಮತ್ತಿನದ್ದು ಬೇಗ ಬರೆದಾಯ್ತು. 2008ರ ಡಿಸೆಂಬರಲ್ಲಿ ಬ್ರಿಟನ್ನಿನ ಟಿವಿ ಸ್ಪರ್ಧೆಯೊಂದರಲ್ಲಿ ಗೆದ್ದ ಅಲೆಕ್ಸಾಂಡ್ರಾ ಬರ್ಕ್ ಅದೇ 'ಹಲ್ಲೆಲೂಯ' ಹಾಡಿ ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂದ್ಲು, ಬಕ್ಲಿಯ ಹಾಡೇ ಬೇಕು ಅಂತ ಜನ ಕೊಂಡು ಅದನ್ನು ಎರಡನೇ ಸ್ಥಾನಕ್ಕೆ ತಂದ್ರು, ಹಾಡು ಬರೆದ ಕೋಹೆನ್‌ನದ್ದೂ ಆ ವಾರ 36ರಲ್ಲಿ ಇತ್ತು. ಮೂರು ಸ್ಟಾರ್ ಕೊಟ್ಟ ಅದೇ ರೋಲಿಂಗ್ ಸ್ಟೋನ್ ತನ್ನ 500 ಶ್ರೇಷ್ಠ ಆಲ್ಬಮ್ಮುಗಳಲ್ಲಿ 2003ಕ್ಕೆ ಇದನ್ನು 303ರಲ್ಲಿ ಇಟ್ಟಿತ್ತು, 2020ಕ್ಕೆ 147ಕ್ಕೆ ಏರಿಸ್ತು.

ಮುಂದಿನದ್ದು, ಇವನ ಹಾಗೇ ಸಣ್ಣ ವಯಸ್ಸಲ್ಲಿ ತೀರಿಹೋದ ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್‌ನ 1972ರ ಆಲ್ಬಂ 'ಪಿಂಕ್ ಮೂನ್', ಅದಕ್ಕೂ ಹೀಗೇ ಮಾಡುವುದು, ಹೆಸರು ಹೇಳದೆ ಮೊದಲು ಹಾಡು, ಆಮೇಲೆ ಕಥೆ. ಈ ಸಲ ಮಂಜೇಶ್ವರದ ಕಡೆಯವರನ್ನೂ ಕರೀಬೇಕು.